ಕೊಸರಿಗೆ ಹೋದ ಆರನೇ ನಂಬರ್

ಹೆಸರು ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ, "ನಾನೆಂಥ ಸತ್ತುಹೋದೆನಾ ಮಾರಾಯ, ನನ್ನ ಬಗ್ಗೆ ಬರೀಲಿಕ್ಕೆ?" ಎಂದು ಬೈಯುತ್ತಾರೆ. ಸತ್ತಿಲ್ಲ, ಗಟ್ಟಿಮುಟ್ಟಾಗಿದ್ದಾರೆ. ಹೋದ ತಿಂಗಳು ಕೆಲಸದಿಂದ ನಿವೃತ್ತರಾದರು, ಅಷ್ಟೆ. ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿರುವ ತಮ್ಮ ಮನೆಯ ಗರಾಜಿನಲ್ಲಿ ಕುರ್ಚಿ ಹಾಕಿ ಒಂದಿಷ್ಟು ಜನರನ್ನು ಮಧ್ಯಾಹ್ನದ ಊಟಕ್ಕೆ ಕರೆದಿದ್ದರು. ನಾನೂ ನನ್ನ ಹೆಂಡತಿ ವೀಣಾಳೂ ಸಿಡ್ನಿಯಿಂದ ಹೋಗಿದ್ದೆವು. ಹೋಗುವಾಗ ನನ್ನೊಳಗೆ ನಾಲ್ಕು ವರ್ಷದ ಹಳೆಯ ಮುಳ್ಳೊಂದು ಇತ್ತು. ಬರುವಾಗ ಇರಲಿಲ್ಲ. ಆ ಹಗುರದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ಮೆಲ್ಬರ್ನಿನ ಅಂಚಿನಲ್ಲಿರುವ ಕ್ರಾನ್‌ಬರ್ನ್‌ನಲ್ಲಿ ನಮ್ಮ ವರ್ಕ್‌ಶಾಪ್ ಇತ್ತು. ಆಸ್ಪತ್ರೆಗಳಿಂದ ಬರುವ ಯಂತ್ರಗಳನ್ನು, ಅದರಲ್ಲೂ ರೋಗಿಗೆ ಹನಿಹನಿಯಾಗಿ ಔಷಧಿ ಬಿಡುವ ಪಂಪುಗಳನ್ನು ಬಿಚ್ಚಿ, ರಿಪೇರಿ ಮಾಡಿ, ಪರೀಕ್ಷಿಸಿ ವಾಪಸು ಕಳಿಸುವುದು ನಮ್ಮ ಕೆಲಸ. ಒಂಬತ್ತು ಮೇಜು, ಒಂಬತ್ತು ಜನ. ನನ್ನದು ಆರನೇ ನಂಬರಿನ ಮೇಜು. ಅವರು ನಮ್ಮೆಲ್ಲರ ಮೇಲಿನವರು. ಉಡುಪಿ ಕಡೆಯವರು, ಮನೆಮಾತು ತುಳು. ನಾನು ಮೈಸೂರಿನವನು ಎಂದು ತಿಳಿದ ದಿನವೇ, "ಅಂತೂ ಕನ್ನಡ ಮಾತಾಡ್ಲಿಕ್ಕೆ ಒಬ್ಬ ಸಿಕ್ಕಿದ" ಎಂದಿದ್ದರು. ಎಲ್ಲರೂ ಹೆಸರು ಹಿಡಿದು ಕರೆಯುವ ದೇಶದಲ್ಲಿ ನಾನೊಬ್ಬನೇ ಅವರನ್ನು ಸರ್ ಎನ್ನುತ್ತಿದ್ದೆ. ಬೇಡ ಎಂದು ಎರಡು ಸಲ ಹೇಳಿ ಸುಮ್ಮನಾದರು.

ಆ ಕನ್ನಡ ಮಾತು ಯಾವುದರ ಬಗ್ಗೆ ಎಂದು ಮೊದಲೇ ಗೊತ್ತಿದ್ದರೆ ನಾನು ತಮಿಳಿನವನು ಎಂದು ಸುಳ್ಳು ಹೇಳಿಬಿಡುತ್ತಿದ್ದೆನೇನೋ. ಮಾತೆಲ್ಲ ಫುಟಿಯ ಬಗ್ಗೆ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಕಾಲಲ್ಲಿ ಒದ್ದು, ಒಬ್ಬರ ಬೆನ್ನ ಮೇಲೆ ಒಬ್ಬರು ಹತ್ತಿ ಆಡುವ ಇಲ್ಲಿಯ ಫುಟ್ಬಾಲಿಗೆ ಮೆಲ್ಬರ್ನಿನಲ್ಲಿ ಎಲ್ಲರೂ ಹಾಗೆನ್ನುತ್ತಾರೆ. ಅವರ ಕ್ಲಬ್ಬಿನ ಹೆಸರನ್ನೂ ಬರೆಯುವುದಿಲ್ಲ. ಅದಕ್ಕೆ ವರ್ಷವರ್ಷವೂ ಆಗಿರುವ ಅವಮಾನ ಸಾಕು.

ವಿಚಿತ್ರವೆಂದರೆ ಆಟ ನಡೆಯುವ ಆರು ತಿಂಗಳು ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಶನಿವಾರ ಅವರ ತಂಡ ಸೋಲುತ್ತಿತ್ತು, ಸೋಮವಾರ ಅವರು ಸುಮ್ಮನೆ ಪಂಪು ಬಿಚ್ಚುತ್ತಿದ್ದರು. ಸೆಪ್ಟೆಂಬರಿನಲ್ಲಿ ಫೈನಲ್ ಮುಗಿದು, ಮೈದಾನಗಳೆಲ್ಲ ಖಾಲಿಯಾದ ಮೇಲೆ ಅವರಿಗೆ ಜೀವ ಬರುತ್ತಿತ್ತು. ಅಕ್ಟೋಬರಿನಲ್ಲಿ ಟ್ರೇಡ್: ಕ್ಲಬ್ಬುಗಳು ತಮ್ಮ ತಮ್ಮೊಳಗೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದು. ನವೆಂಬರಿನಲ್ಲಿ ಡ್ರಾಫ್ಟ್: ಆಗತಾನೇ ಶಾಲೆ ಮುಗಿಸಿದ ಹೊಸಬರನ್ನು ಕ್ಲಬ್ಬುಗಳು ಸರದಿಯ ಮೇಲೆ ಆರಿಸಿಕೊಳ್ಳುವುದು. ಕೊನೆಯ ಸ್ಥಾನದವರಿಗೆ ಮೊದಲ ಸರದಿ. ಆ ಸರದಿ ಅವರ ಕ್ಲಬ್ಬಿಗೆ ಎಷ್ಟೋ ಸಲ ಸಿಕ್ಕಿತ್ತು.

"ಊರಲ್ಲಿ ಎಲ್ಲರ ಗಂಡಂದಿರೂ ಫುಟಿ ಮುಗಿದ ಮೇಲೆ ಮನೆಗೆ ಬರ್ತಾರೆ. ನಮ್ಮವರು ಆಗ ಹೋಗ್ತಾರೆ" ಎಂದು ಅವರ ಹೆಂಡತಿ, ನಾವೆಲ್ಲ ಆಂಟಿ ಎನ್ನುವವರು, ವೀಣಾಳ ಹತ್ತಿರ ದೂರುತ್ತಿದ್ದರು.

ಅವರ ಅಭಿಪ್ರಾಯಗಳಿಗೆ ಕೊನೆಯಿರಲಿಲ್ಲ. ಮೂವತ್ತು ದಾಟಿದ ಆಟಗಾರನಿಗಾಗಿ ಬರುವ ವರ್ಷದ ಡ್ರಾಫ್ಟ್ ಸರದಿಯನ್ನು ಬಿಟ್ಟುಕೊಡುವವನು ಪೆದ್ದ. ತುಂಬಾ ಉದ್ದದವನನ್ನು ಮೊದಲ ಸುತ್ತಿನಲ್ಲಿ ತೆಗೆದುಕೊಳ್ಳಬಾರದು: "ಎರಡು ವರ್ಷ ಬೆಳೆಯುವುದರಲ್ಲಿ ಹೋಗ್ತದೆ, ಎರಡು ವರ್ಷ ಮಂಡಿ ಆಪರೇಷನ್ನಿನಲ್ಲಿ." ಡ್ರಾಫ್ಟಿನ ದಿನ ಟೀವಿಯಲ್ಲಿ ಆಯ್ಕೆಯಾದವನನ್ನು ತೋರಿಸಿದರೆ ಇವರು ಅವನ ತಾಯಿಯನ್ನು ನೋಡುತ್ತಿದ್ದರು. "ಇಕಾ, ಅಮ್ಮನ ಮುಖ ನೋಡು. ಪರ್ತ್‌ನಿಂದ ಇಷ್ಟು ದೂರ ಕಳಿಸ್ಲಿಕ್ಕೆ ಅವಳಿಗೆ ಮನಸ್ಸೇ ಇಲ್ಲ. ಎರಡೇ ವರ್ಷ, ಇವ ಮನೆಗೆ ಓಡ್ತಾನೆ." ಎಷ್ಟು ಸಲ ಆ ಮಾತು ನಿಜವಾಯಿತೋ ನನಗೆ ತಿಳಿಯದು. ಅವರನ್ನು ಕೇಳಿದರೆ ಪ್ರತಿ ಸಲವೂ ಆಗಿದೆ.

ಇನ್ನೊಂದು ಅಭಿಪ್ರಾಯವನ್ನು ನಾನು ಆಗಲೇ ನೆನಪಿಟ್ಟುಕೊಳ್ಳಬೇಕಿತ್ತು. ಟ್ರೇಡಿನಲ್ಲಿ ದೊಡ್ಡ ಆಟಗಾರನ ಜೊತೆಗೆ ಒಬ್ಬ ಚಿಕ್ಕವನನ್ನೂ ಸೇರಿಸಿ ಕೊಡುವುದುಂಟು. ದೊಡ್ಡ ಸಾಮಾನು ಕೊಂಡವರಿಗೆ ಚಾಕುಗಳ ಸೆಟ್ಟನ್ನು ಬಿಟ್ಟಿ ಕೊಟ್ಟಹಾಗೆ ಎಂದು ಇಲ್ಲಿಯವರು ಅವನನ್ನು ಸ್ಟೀಕ್ ನೈಫ್ ಎಂದು ಗೇಲಿ ಮಾಡುತ್ತಾರೆ. "ಕೊಸರು ಅನ್ನಿ ಸರ್" ಎಂದೆ ನಾನು. ನಮ್ಮಮ್ಮ ಮೈಸೂರಿನ ಮಾರ್ಕೆಟ್ಟಿನಲ್ಲಿ ಕಾಲು ಕೆಜಿ ಬೀನ್ಸ್ ಕೊಂಡರೂ ಕೊಸರಿಗೆ ಒಂದು ಹಿಡಿ ಹಾಕಿಸಿಕೊಳ್ಳದೆ ಅಂಗಡಿಯ ಮುಂದಿನಿಂದ ಕದಲಿದವಳಲ್ಲ. ಅವರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಅವತ್ತಿನಿಂದ ಸ್ಟೀಕ್ ನೈಫ್ ಹೋಗಿ ಕೊಸರೇ ನಿಂತಿತು. "ಪೇಪರಿನವರೆಲ್ಲ ದೊಡ್ಡ ಹೆಸರನ್ನೇ ನೋಡ್ತಾರೆ. ನೀನು ಕೊಸರಿಗೆ ಯಾರು ಹೋದ ನೋಡು. ಕೆಲವು ಸಲ ಅವನನ್ನು ಸಾಗಿಸ್ಲಿಕ್ಕೇ ಇಡೀ ವ್ಯಾಪಾರ ಮಾಡಿರ್ತಾರೆ" ಎನ್ನುತ್ತಿದ್ದರು. ನಾನು ಹ್ಞೂಂ ಹ್ಞೂಂ ಎನ್ನುತ್ತ ಮೊಸರನ್ನ ತಿನ್ನುತ್ತಿದ್ದೆ.

ಈಗ ಆ ಹಾಳೆಯ ವಿಷಯ.

ನಾಲ್ಕು ವರ್ಷದ ಹಿಂದಿನ ಅಕ್ಟೋಬರ್. ಹೆಡ್ ಆಫೀಸಿನಿಂದ ಇಬ್ಬರು ಬಂದು, ನಮ್ಮ ಮೇಜುಗಳ ಮಧ್ಯೆ ಸುಮ್ಮನೆ ಓಡಾಡಿ, ಎಲ್ಲರನ್ನೂ ನೋಡಿ ನಕ್ಕು ಹೋಗಿದ್ದರು. ಕ್ರಾನ್‌ಬರ್ನ್‌ನಲ್ಲಿ ಜನ ಜಾಸ್ತಿಯಾಗಿದ್ದಾರಂತೆ ಎಂದು ಗುಸುಗುಸು ಶುರುವಾಗಿತ್ತು. ನನ್ನ ವೀಸಾ ಇದ್ದದ್ದು ಕಂಪನಿಯ ಹೆಸರಿನ ಮೇಲೆ. ಇನ್ನೊಂದು ವರ್ಷ ಅದೇ ಕಂಪನಿಯಲ್ಲಿ ದುಡಿದರೆ ಪಿಆರ್, ಎಂದರೆ ಈ ದೇಶದಲ್ಲಿ ಕಾಯಮ್ಮಾಗಿ ಇರುವ ಪರವಾನಗಿ, ಸಿಗುತ್ತಿತ್ತು. ಕೆಲಸ ಹೋದರೆ ಕೆಲವೇ ತಿಂಗಳಲ್ಲಿ ಇನ್ನೊಂದು ಕಂಪನಿ ನನ್ನ ಕೈ ಹಿಡಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಮಗಳನ್ನು ಆ ವರ್ಷವಷ್ಟೇ ಶಾಲೆಗೆ ಸೇರಿಸಿದ್ದೆವು.

ಅಂಥ ಒಂದು ದಿನ ಊಟದ ಕೋಣೆಗೆ ಹೋದರೆ ಮೇಜಿನ ಮೇಲೆ ಅವರ ಟಿಫಿನ್ ಡಬ್ಬಿ, ಡಬ್ಬಿಯ ಕೆಳಗೆ ಒಂದು ಹಾಳೆ. ಅರ್ಧ ಹೊರಗೆ ಕಾಣುತ್ತಿತ್ತು. ಅವರದು ಒಂದು ಅಭ್ಯಾಸ: ಬೇರೆಯವರು ಓದಬಾರದ್ದನ್ನೆಲ್ಲ ಕನ್ನಡದಲ್ಲಿ ಬರೆಯುವುದು, ಅಂಕಿಗಳನ್ನೂ ಕನ್ನಡದಲ್ಲೇ. ಆ ಕಟ್ಟಡದಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಓದಿದೆ.

"೨ ಇಡುವುದು. ೪ ಇಡುವುದು. ೬ ಒಳ್ಳೆ ಹುಡುಗ, ಆದರೆ ನಿಧಾನ. ಬಿಡುವುದು. ಸಿಡ್ನಿಯವರು ಕೇಳಿದರೆ ಕೊಡುವುದು, ಕೇಳದಿದ್ದರೂ ಕೊಡುವುದು."

ಆರರ ಮೇಲೆ ದಪ್ಪನೆಯ ಅಡ್ಡಗೀಟು. ಆರನೇ ಮೇಜು ನನ್ನದು. ನಿಧಾನ ಎಂಬುದೂ ಸುಳ್ಳಲ್ಲ. ನಾನು ಪ್ರತಿ ಪಂಪನ್ನೂ ಎರಡೆರಡು ಸಲ ಪರೀಕ್ಷೆ ಮಾಡುವವನು. ಅದರ ಇನ್ನೊಂದು ತುದಿಯಲ್ಲಿ ಯಾರದೋ ರಕ್ತನಾಳ ಇರುತ್ತದಲ್ಲ, ಹೇಗೆ ಬೇಗ ಮಾಡುವುದು?

ಆಮೇಲಿನ ಒಂದು ವಾರ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಎಲ್ಲರಿಗಿಂತ ಮೊದಲು ಹೋದೆ, ಎಲ್ಲರಿಗಿಂತ ಕೊನೆಗೆ ಬಂದೆ. ಅವರು ಕೆಮ್ಮಿದರೆ ನೀರು ತಂದುಕೊಟ್ಟೆ. ಮಧ್ಯಾಹ್ನದ ಊಟ ಬಿಟ್ಟೆ. ವೀಣಾ ಒಂದು ದೊಡ್ಡ ಡಬ್ಬಿ ಚಕ್ಕುಲಿ ಮಾಡಿ, "ಬಾಯ್ಬಿಟ್ಟು ಏನೂ ಕೇಳ್ಬೇಡಿ. ಸುಮ್ನೆ ಕೊಟ್ಟು ಬನ್ನಿ" ಎಂದು ಕಳಿಸಿದಳು. ಅವರು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, "ಎಂಥ, ದೀಪಾವಳಿ ಇಷ್ಟು ಬೇಗ ಬಂತಾ?" ಎಂದರು. ಆ ಪ್ರಶ್ನೆಗೇ ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ಸರ್, ನೀವು ಆರನೇ ನಂಬರ್ ಬಿಡುವುದು ಅಂತ ಬರ್ದಿದ್ದನ್ನ ನೋಡ್ಬಿಟ್ಟೆ ಸರ್. ನಾನು ನಿಧಾನಾನೇ, ಒಪ್ಕೋತೀನಿ. ಇನ್ನೊಂದೇ ವರ್ಷ ಇಟ್ಕೊಳ್ಳಿ ಸರ್. ಪಿಆರ್ ಬಂದ್ಬಿಡುತ್ತೆ. ಈಗ ಬಿಟ್ರೆ ಮಗೂನ ಸ್ಕೂಲಿಂದ ಬಿಡಿಸ್ಕೊಂಡು ಮೈಸೂರಿಗೆ ಹೋಗ್ಬೇಕು."

ಅವರು ಒಂದು ನಿಮಿಷ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದರು. ಆಮೇಲೆ ನಗಲು ಶುರು ಮಾಡಿದರು ನೋಡಿ! ಚಕ್ಕುಲಿ ನೆತ್ತಿಗೆ ಹತ್ತಿ, ಕೆಮ್ಮು ಬಂದು, ಮೇಜು ಬಡಿದು ನಕ್ಕರು. "ನಿನ್ನ ಮಂಡೆ ಸರಿ ಉಂಟಾ ಮಾರಾಯ? ಅದು ನಮ್ಮ ಕ್ಲಬ್ಬಿನ ಆರನೇ ನಂಬರ್!" ಅವತ್ತು ಡಬ್ಬಿಯ ಕೆಳಗಿದ್ದ ಹಾಳೆಯನ್ನು ಜೇಬಿನಿಂದ ತೆಗೆದು ಪೂರ್ತಿ ಬಿಚ್ಚಿ ತೋರಿಸಿದರು. ಕೆಳಗಡೆ ಇಪ್ಪತ್ತೆರಡು, ಮೂವತ್ತೇಳು, ನಲವತ್ತೊಂದು ಎಲ್ಲ ಇದ್ದವು. ಫೋನಿನಲ್ಲಿ ಫೋಟೋ ತೋರಿಸಿದರು: ಕೆಂಪುಗೂದಲಿನ ಒಬ್ಬ ಭೀಮಕಾಯ, ಬೆನ್ನ ಮೇಲೆ ಆರು. ಸಿಡ್ನಿಯವರು ಎಂದರೆ ಅಲ್ಲಿಯ ಒಂದು ಫುಟಿ ಕ್ಲಬ್ಬು.

ಅಬ್ಬಾ! ಆ ಕ್ಷಣದಲ್ಲಿ ಆ ಕೆಂಪುಗೂದಲಿನವನ ಕಾಲಿಗೆ ಬೀಳಬೇಕು ಅನ್ನಿಸಿತು. ನಾನೂ ನಕ್ಕೆ, ಅತ್ತೆ, ಎರಡು ಚಕ್ಕುಲಿ ನಾನೇ ತಿಂದೆ. ಆಮೇಲೆ ನೋಡಿದರೆ ಅವರ ನಗು ನಿಂತಿತ್ತು.

"ಇನ್ನೊಂದು ವರ್ಷ ಅಂದೆಯಾ?" ಎಂದು ಕೇಳಿದರು.

"ಹೌದು ಸರ್."

"ಮಗಳು ಎಷ್ಟನೇ ಕ್ಲಾಸು?"

"ಈಗಿನ್ನೂ ಪ್ರೆಪ್, ಸರ್. ಒಂದನೇ ಕ್ಲಾಸು ಬರೋ ವರ್ಷ."

ಅವರ ಊಟದ ಡಬ್ಬಿಯಲ್ಲಿ ಇನ್ನೂ ಅರ್ಧ ಅನ್ನ ಇತ್ತು. ಒಂದು ಅಗುಳನ್ನೂ ಚೆಲ್ಲದ ಮನುಷ್ಯ ಅವತ್ತು ಡಬ್ಬಿ ಮುಚ್ಚಿ ಎದ್ದುಹೋದರು. ಚಕ್ಕುಲಿ ಜಾಸ್ತಿಯಾಯಿತೇನೋ ಎಂದುಕೊಂಡೆ.

ನವೆಂಬರಿನಲ್ಲಿ, ಫುಟಿಯವರ ಡ್ರಾಫ್ಟ್ ನಡೆದ ವಾರದಲ್ಲೇ, ಎಲ್ಲರನ್ನೂ ಕೂರಿಸಿ ವಿಷಯ ಹೇಳಿದರು. ಸಿಡ್ನಿ ಶಾಖೆಗೆ ಡ್ಯಾನಿ ಹೋಗುತ್ತಾನೆ. ಡ್ಯಾನಿ ಎಂದರೆ ವೆಂಟಿಲೇಟರ್ ರಿಪೇರಿಯಲ್ಲಿ ನಮ್ಮಲ್ಲೇ ಕೈ ಪಳಗಿದವನು, ಅವನನ್ನು ಸಿಡ್ನಿಯವರು ಬಹಳ ದಿನದಿಂದ ಕೇಳುತ್ತಿದ್ದರು. ಅವನ ಜೊತೆಗೆ ನಾನು. ಇಂಗ್ಲಿಷಿನಲ್ಲಿ ಇಷ್ಟು ಹೇಳಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅವರು ಕೇಳಿದ್ದು ಡ್ಯಾನಿಯನ್ನು. ನೀನು ಕೊಸರು" ಎಂದರು. ಅದನ್ನೇ ಎಲ್ಲರಿಗೂ ಅರ್ಥವಾಗುವಂತೆ ಸ್ಟೀಕ್ ನೈಫ್ ಎಂದು ಬಿಡಿಸಿ ಹೇಳಿದರು. ಕೋಣೆಯೆಲ್ಲ ನಕ್ಕಿತು. ನಾನು ನಗಲಿಲ್ಲ.

ವೀಸಾ ಹಾಗೇ ಉಳಿಯಿತು, ನಿಜ. ಆದರೆ ಕೆಲಸದ ಮೇಲೆ ಅಷ್ಟು ಪ್ರಾಣ ಇಟ್ಟವನನ್ನು ಬೀನ್ಸಿನ ಮೇಲಿನ ಕರಿಬೇವಿನ ಹಾಗೆ ಎತ್ತಿ ಹಾಕಿದರಲ್ಲ! ಸಿಡ್ನಿಗೆ ಬಂದ ಮೊದಲ ದಿನ ಅಲ್ಲಿಯ ಮ್ಯಾನೇಜರ್ ಕೈಕುಲುಕಿ, "ಓ, ಆ ಸ್ಟೀಕ್ ನೈಫ್ ನೀನೇನಾ!" ಎಂದ. ಆರು ತಿಂಗಳು ಅದೇ ನನ್ನ ಹೆಸರಾಯಿತು. ವೆಸ್ಟ್‌ಮೀಡ್ ಸ್ಟೇಷನ್ನಿನ ಪಕ್ಕದ ಬಾಡಿಗೆ ಫ್ಲಾಟಿನಲ್ಲಿ, ರೈಲು ಹೋದಾಗಲೆಲ್ಲ ಅದುರುವ ಕಿಟಕಿಯ ಹತ್ತಿರ ಕೂತು ನಾನು ಅವರನ್ನು ಬಾಯಿಗೆ ಬಂದಹಾಗೆ ಬೈಯುತ್ತಿದ್ದೆ. ಮರುವರ್ಷ ಕ್ರಾನ್‌ಬರ್ನ್‌ನಲ್ಲಿ ನಾಲ್ಕು ಜನರನ್ನು ಮನೆಗೆ ಕಳಿಸಿದ ಸುದ್ದಿ ಬಂತು. ಸ್ವಲ್ಪ ದಿನಕ್ಕೆ ವರ್ಕ್‌ಶಾಪೇ ಮುಚ್ಚಿತು, ಅವರು ಯಾವುದೋ ಆಸ್ಪತ್ರೆಯ ರಿಪೇರಿ ವಿಭಾಗ ಸೇರಿದರು. ಆಗಲೂ ನನಗೆ ಹೊಳೆಯಲಿಲ್ಲ. ಅದೃಷ್ಟ ನನ್ನದು, ಅವಮಾನ ಅವರು ಕೊಟ್ಟದ್ದು ಎಂದೇ ಅಂದುಕೊಂಡಿದ್ದೆ. ಪಿಆರ್ ಬಂದಾಗ ಊರಿಗೆಲ್ಲ ಹೇಳಿದೆ, ಅವರಿಗೆ ಹೇಳಲಿಲ್ಲ. ಅಷ್ಟು ಸಣ್ಣ ಮನುಷ್ಯನಾಗಿದ್ದೆ ನಾನು.

ಅವರೇ ಪ್ರತಿ ಅಕ್ಟೋಬರಿನಲ್ಲಿ ಒಂದು ಮೆಸೇಜು ಕಳಿಸುತ್ತಿದ್ದರು. "ಟ್ರೇಡ್ ಶುರು. ನಮ್ಮವರು ಈ ಸಲವೂ ಹಾಳು ಮಾಡ್ತಾರೆ." ನಾನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಮುಗಿಸುತ್ತಿದ್ದೆ.

ನಿವೃತ್ತಿಯ ಊಟಕ್ಕೆ ಫೋನ್ ಬಂದಾಗ ರಜೆ ಇಲ್ಲ ಎನ್ನಬೇಕೆಂದಿದ್ದೆ. ವೀಣಾ ಕೇಳಲಿಲ್ಲ. "ನಾಲ್ಕು ವರ್ಷದಿಂದ ನಿಮ್ಮ ಪುರಾಣ ಕೇಳಿ ನಂಗೆ ಸಾಕಾಗಿದೆ. ಹೋಗಿ ಅವ್ರನ್ನೇ ಕೇಳೋಣ" ಎಂದು ಟಿಕೆಟ್ ಬುಕ್ ಮಾಡಿಬಿಟ್ಟಳು. ಜೊತೆಗೆ ಒಂದು ಡಬ್ಬಿ ಚಕ್ಕುಲಿ.

ಗರಾಜಿನಲ್ಲಿ ಗೋಳಿಬಜೆ, ಕೋರಿ ರೊಟ್ಟಿ, ಕೋಳಿ ತಿನ್ನದ ನಮ್ಮಂಥವರಿಗೆ ಬೇರೆ ಸಾರು. ಗೋಡೆಯ ಮೇಲೆ ಟೀವಿ, ಅದರಲ್ಲಿ ಟ್ರೇಡಿನ ಸುದ್ದಿ. ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು. ಮಾತು ಅದೇ. ಯಾರೋ ಮೂವತ್ತೊಂದು ವರ್ಷದವನನ್ನು ತಂದರೆಂದು ಟೀವಿಯ ಮೇಲೆ ರೇಗುತ್ತಿದ್ದರು. ನಮ್ಮನ್ನು ನೋಡಿದ ಕೂಡಲೇ ಎದ್ದು ಬಂದು ನನ್ನ ಎರಡೂ ಭುಜ ಹಿಡಿದು, "ಬಂದೆಯಾ! ಬರುವುದಿಲ್ಲ ಅಂತ ಮಾಡಿದ್ದೆ" ಎಂದರು. ಇಷ್ಟಕ್ಕೇ ನಾನು ಅರ್ಧ ಕರಗಿದ್ದೆ. ವೀಣಾ ಕರಗುವವಳಲ್ಲ. ಊಟವಾಗಿ ಬೇರೆಯವರೆಲ್ಲ ಹೊರಟ ಮೇಲೆ ನೇರವಾಗಿ ಕೇಳಿಯೇಬಿಟ್ಟಳು.

"ಅಂಕಲ್, ಅವತ್ತು ಅಷ್ಟು ಜನರ ಮುಂದೆ ಇವ್ರನ್ನ ಕೊಸರು ಅಂದ್ರಂತೆ. ಯಾಕೆ ಅಂಕಲ್? ಇವ್ರು ಇನ್ನೂ ಅದನ್ನೇ ಹಿಡ್ಕೊಂಡು ಕೊರಗ್ತಾರೆ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಎದ್ದು ಒಳಗೆ ಹೋದರು. ಸಿಟ್ಟಾದರೇನೋ ಎಂದು ನಾನು ವೀಣಾಳನ್ನು ದುರುಗುಟ್ಟಿ ನೋಡಿದೆ. ಒಂದು ಹಳೆಯ ಫೈಲು ಹಿಡಿದು ವಾಪಸು ಬಂದರು. ಅದರೊಳಗಿನಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ಅವರದೇ ಕನ್ನಡ ಅಕ್ಷರ. ಈ ಸಲ ನಂಬರುಗಳಿರಲಿಲ್ಲ, ಹೆಸರುಗಳಿದ್ದವು. "ಬಿಡುವುದು" ಎಂಬುದರ ಕೆಳಗೆ ನಾಲ್ಕು ಹೆಸರು. ಮೊದಲನೆಯದು ನನ್ನದು. ಅದರ ಮೇಲೆ ಆಮೇಲೆ ಎಳೆದ ಒಂದು ಗೀಟು.

"ಇದು ಆಫೀಸಿನ ಲಿಸ್ಟು" ಎಂದರು. "ನೀನು ಚಕ್ಕುಲಿ ತಂದೆಯಲ್ಲ, ಆ ದಿನ ಬೆಳಿಗ್ಗೆ ಬರೆದು ಮುಗಿಸಿದ್ದು. ಸಂಜೆ ಕಳಿಸ್ಲಿಕ್ಕಿತ್ತು. ಕೊನೆಗೆ ಸೇರಿದವ, ನಿಧಾನ, ವೀಸಾದ ಕಾಗದಪತ್ರ ಬೇರೆ. ಫುಟಿ ಲಿಸ್ಟ್ ಮಾಡುವ ಹಾಗೇ ಮಾಡಿಬಿಟ್ಟೆ. ಹೆಸರು ಬರ್ದೆ, ಮುಂದೆ ಹೋದೆ. ಆಮೇಲೆ ನೀನು ಬಂದು ಯಾರದೋ ನಂಬರಿಗೆ ಅತ್ತೆ. ನಾನು ನಕ್ಕೆ. ನಗ್ತಾ ಇದ್ದ ಹಾಗೆ ನೆನಪಾಯ್ತು, ಡ್ರಾಯರಿನಲ್ಲಿ ನಿಜವಾದದ್ದು ಉಂಟು ಅಂತ."

ಹಾಳೆಯ ಮೇಲಿನ ನನ್ನ ಹೆಸರನ್ನು ಮತ್ತೊಮ್ಮೆ ಓದಿದೆ. ವೀಣಾಳೇ ಕೇಳಿದಳು: "ಮತ್ತೆ ಸಿಡ್ನಿ?"

"ಸಿಡ್ನಿಯವರಿಗೆ ಡ್ಯಾನಿ ಬೇಕಿತ್ತು. ಇವನನ್ನೂ ತಗೊಳ್ಳಿ, ಭಾರಿ ಒಳ್ಳೆಯವ ಅಂತ ನಾನು ಹೇಳಿದ್ರೆ, ಅಷ್ಟು ಒಳ್ಳೆಯವನಾದ್ರೆ ನೀನೇ ಯಾಕೆ ಇಟ್ಕೊಳ್ಳುದಿಲ್ಲ ಅಂತ ಕೇಳ್ತಿದ್ರು. ಎರಡು ದಿನ ಯೋಚನೆ ಮಾಡಿ ಬೇಡ ಅಂತಿದ್ರು. ಸುಮ್ಮನೆ ಕೊಸರು ಅಂತ ಕೊಟ್ರೆ ಯಾರೂ ತಿರುಗಿಸಿ ನೋಡುದಿಲ್ಲಮ್ಮ, ಚೀಲಕ್ಕೆ ಹಾಕ್ಕೊಂಡು ಹೋಗ್ತಾರೆ. ಡ್ಯಾನಿಯನ್ನು ನಾನು ಇನ್ನೆರಡು ವರ್ಷ ಬಿಡುವವ ಅಲ್ಲ. ಇವನಿಗಾಗಿ ಬಿಟ್ಟೆ."

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಸರ್" ಎಂದೆ.

"ನಿನಗೆ?" ಎಂದು ಕಣ್ಣರಳಿಸಿದರು. "ಫುಟಿಯವನ ನಂಬರ್ ನೋಡಿ ಒಂದು ವಾರ ಊಟ ಬಿಟ್ಟವ ನೀನು! ನಿಜ ಹೇಳಿದ್ರೆ ನಿನ್ನ ಮುಖ ನೋಡಿಯೇ ಹೆಡ್ ಆಫೀಸಿನವರಿಗೆ ಎಲ್ಲ ಗೊತ್ತಾಗ್ತಿತ್ತು. ನೀನು ನನ್ನನ್ನು ಬೈದ್ರೆ ಬೈಯಿ, ಪಿಆರ್ ಆಗ್ಲಿ ಅಂದ್ಕೊಂಡೆ."

ನಾನು ಅವರ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತೆ. ನಾಲ್ಕು ವರ್ಷ ನನ್ನನ್ನು ಎಸೆದರು ಎಂದುಕೊಂಡಿದ್ದೆ, ಎತ್ತಿ ಆಚೆ ದಡಕ್ಕೆ ಇಟ್ಟಿದ್ದರು. ಬೇಜಾರಲ್ಲ, ಸಮಾಧಾನದ ಅಳು. ವೀಣಾ ಮೂಗು ಒರೆಸಿಕೊಳ್ಳುತ್ತ ಆಂಟಿಯ ಜೊತೆ ಪಾತ್ರೆ ಎತ್ತಲು ಹೋದಳು.

"ಉಳಿದ ಮೂವರು?" ಎಂದು ಕಣ್ಣೊರೆಸಿಕೊಂಡು ಕೇಳಿದೆ.

ಅವರ ಮುಖ ಇಳಿಯಿತು. "ಅವರು ಹೋದರು. ನಿನ್ನ ಜಾಗಕ್ಕೆ ಇನ್ನೊಬ್ಬನ ಹೆಸರು ಬರೀಬೇಕಾಯ್ತು. ಮೂರು ಜನಕ್ಕೆ ಬೇರೆ ಕಡೆ ಕೆಲಸ ಆಯ್ತು, ನಾನೇ ಫೋನ್ ಮಾಡಿ ಮಾಡಿ ಮಾಡಿಸಿದೆ. ಒಬ್ಬ ಮಾತ್ರ ಇವತ್ತಿಗೂ ನನ್ನ ಫೋನ್ ಎತ್ತುದಿಲ್ಲ. ಅದಕ್ಕೇ ಈ ಹಾಳೆ ಇಟ್ಕೊಂಡದ್ದು." ಫೈಲನ್ನು ಮುಚ್ಚಿದರು. "ಈಗ ಫುಟಿಯಲ್ಲೂ ಯಾರನ್ನಾದ್ರೂ ಬಿಡಿ ಅನ್ನುವ ಮೊದಲು ಅವನಿಗೆ ಮಕ್ಕಳುಂಟಾ ಅಂತ ನೋಡ್ತೇನೆ. ಹಾಗಾಗಿ ಯಾರನ್ನೂ ಬಿಡ್ಲಿಕ್ಕೆ ಆಗುದಿಲ್ಲ. ನನ್ನ ಲಿಸ್ಟು ಉದ್ದ ಆಗಿ ಆಗಿ ಸಾಕಾಗಿದೆ ಮಾರಾಯ."

ಅಷ್ಟರಲ್ಲಿ ಟೀವಿಯಲ್ಲಿ ಅವರ ಕ್ಲಬ್ಬಿನ ಆಟದ ತುಣುಕು ಬಂತು. ಎಷ್ಟೋ ವರ್ಷದ ಮೇಲೆ ಈ ಸೆಪ್ಟೆಂಬರಿನಲ್ಲಿ ಅವರ ತಂಡ ಫೈನಲ್ ಪಂದ್ಯಗಳ ಸುತ್ತಿಗೆ ಹೋಗಿತ್ತು. ಕೊನೆಯ ನಿಮಿಷದಲ್ಲಿ ಒಬ್ಬ ಇಬ್ಬರ ಹೆಗಲ ಮೇಲಿಂದ ಎಗರಿ ಚೆಂಡು ಹಿಡಿದ. ಹಾಗೆ ಹಿಡಿದವನು ಯಾರ ಅಡ್ಡಿಯೂ ಇಲ್ಲದೆ ಒದೆಯಬಹುದು. ನಿಧಾನವಾಗಿ, ನೋಡುವವರ ಉಸಿರು ಕಟ್ಟುವಷ್ಟು ನಿಧಾನವಾಗಿ, ಹಿಂದೆ ನಡೆದು ಹೋಗಿ, ಓಡಿ ಬಂದು ಒದ್ದ. ಗೋಲ್. ಬೆನ್ನ ಮೇಲೆ ಆರು. ಕೆಂಪುಗೂದಲು ಸ್ವಲ್ಪ ಉದುರಿತ್ತು.

"ಸರ್, ಇವನು ಇನ್ನೂ ನಿಮ್ಮಲ್ಲೇ ಇದ್ದಾನಾ?" ಎಂದೆ.

ಯಾವ ಅಭಿಪ್ರಾಯವನ್ನೂ ವಾಪಸು ತೆಗೆದುಕೊಂಡದ್ದನ್ನು ನಾನು ಕಾಣದ ಆ ಮನುಷ್ಯ, ಡಬ್ಬಿಯಿಂದ ಒಂದು ಚಕ್ಕುಲಿ ತೆಗೆದು ಅರ್ಧ ಮುರಿದು ನನ್ನ ಕೈಗೆ ಕೊಟ್ಟರು.

"ಪುಣ್ಯಕ್ಕೆ ಇವನ ವಿಷಯದಲ್ಲಿ ಕ್ಲಬ್ಬಿನವರು ನನ್ನ ಮಾತು ಕೇಳ್ಲಿಲ್ಲ" ಎಂದರು. "ನಿನ್ನ ವಿಷಯದಲ್ಲಿ ನಾನೇ ಕೇಳ್ಲಿಲ್ಲ."